ಸೊರಗಿದ ಟೊಮೆಟೊ ಮತ್ತು ನೀರಿನ ಟ್ಯೂಬುಗಳು

ಕೋಲಾರ, ಅಕ್ಟೋಬರ್ 10, 2024, ಗುರುವಾರ

ಬೆಳಿಗ್ಗೆ ವಕ್ಕಲೇರಿ ಕಡೆಯ ರೈತರೊಬ್ಬರು ಬುಡಸಮೇತ ಕಿತ್ತ ಎರಡು ಟೊಮೆಟೊ ಗಿಡಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ನಮ್ಮ ಸಸ್ಯರೋಗ ಲ್ಯಾಬಿಗೇ ಬಂದರು. ಎಲೆಗಳು ಹಸಿರಾಗಿದ್ದಂತೆಯೇ ಜೋತುಬಿದ್ದಿದ್ದವು. ಹಳದಿಯಾಗಿ ನಿಧಾನಕ್ಕೆ ಒಣಗಿದ್ದರೆ ಫ್ಯುಸೇರಿಯಂ ಶಿಲೀಂಧ್ರದ ಮೇಲೆ ಅನುಮಾನ ಪಡಬಹುದಿತ್ತು. ಕಾಂಡದ ತುಂಡೊಂದನ್ನು ಕತ್ತರಿಸಿ ಗಾಜಿನ ಲೋಟದ ನೀರಿಗೆ ಇಳಿಬಿಟ್ಟೆ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿಯತೊಡಗಿತು. ರಾಲ್‌ಸ್ಟೋನಿಯಾ, ಗಿಡ ಸೊರಗಿಸುವ ಬ್ಯಾಕ್ಟೀರಿಯಾ.

"ಇದೇನಮ್ಮ, ಕೀವಾ?"

"ಬ್ಯಾಕ್ಟೀರಿಯಾ ಅಣ್ಣ, ಕೋಟಿಗಟ್ಟಲೆ. ನೀರು ಏರೋ ನಾಳದಲ್ಲಿ ಅಂಟು ಕಟ್ಟಿಕೊಂಡು ಕೂತಿವೆ. ಎಷ್ಟು ನೀರು ಬಿಟ್ಟರೂ ಮೇಲಕ್ಕೆ ಹೋಗಲ್ಲ."

ಔಷಧಿ ಕೇಳಿದರು. ಸೊರಗಿದ ಗಿಡವನ್ನು ಬದುಕಿಸುವ ಔಷಧಿ ಇಲ್ಲ. ಆ ಹೊಲಕ್ಕೆ ಕ್ಯಾಪ್ಸಿಕಂ, ಆಲೂಗಡ್ಡೆ, ಬದನೆ ಯಾವುದೂ ಬೇಡ, ಎಲ್ಲ ಒಂದೇ ಕುಟುಂಬ, ರಾಗಿಯೋ ಜೋಳವೋ ಹಾಕಿ ಎಂದರು ನಮ್ಮ ಲ್ಯಾಬಿನ ಮೇಡಂ. ಟೊಮೆಟೊನೇ ಬೇಕೆಂದರೆ ರೋಗ ತಡೆಯುವ ಬದನೆ ಬೇರಿನ ಮೇಲೆ ಕಸಿ ಕಟ್ಟಿದ ಸಸಿ ನೆಡಬೇಕು.

"ರಾಗಿ ಹಾಕಿದ್ರೆ ಡ್ರಿಪ್ ಸಾಲ ತೀರ್ತದಾ ಮೇಡಂ?"

ಯಾರೂ ಮಾತಾಡಲಿಲ್ಲ. 'ಬೆಳೆ ಬದಲಾವಣೆ' ಎಂದು ಪ್ರಬಂಧದ ಕೊನೆಗೆ ಒಂದು ಸಾಲು ಬರೆದು ಮುಗಿಸುವವರು ನಾವು.

ಮಧ್ಯಾಹ್ನ ಆ ನೀರನ್ನೇ ಟೆಟ್ರಾಜೋಲಿಯಂ ಎಂಬ, ಬ್ಯಾಕ್ಟೀರಿಯಾ ಬೆಳೆದಂತೆ ಕೆಂಪಾಗುವ ರಾಸಾಯನಿಕ ಹಾಕಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಪ್ಲೇಟುಗಳ ಮೇಲೆ ಗೆರೆಗೆರೆಯಾಗಿ ಎಳೆದು 28 ಡಿಗ್ರಿಗೆ ಇಟ್ಟೆ. 1954ರಲ್ಲಿ ಸಸ್ಯರೋಗ ವಿಜ್ಞಾನಿ ಕೆಲ್ಮನ್ ಬಳಸಿ ತೋರಿಸಿದ ವಿಧಾನ ಇದು. ನಡುವೆ ಗುಲಾಬಿ, ಅಂಚು ಬಿಳಿ, ಲೋಳೆಲೋಳೆಯಾಗಿ ಹರಡಿದ ಕಾಲೊನಿ (ಬ್ಯಾಕ್ಟೀರಿಯಾಗಳ ಗುಂಪು) ರೋಗ ತರುವಂಥದ್ದು. ಚಿಕ್ಕದಾಗಿ, ಗುಂಡಗೆ, ಕಡುಗೆಂಪಾಗಿದ್ದರೆ ತಾಕತ್ತು ಕಳೆದುಕೊಂಡದ್ದು. ಪ್ಲೇಟಿನಿಂದ ಪ್ಲೇಟಿಗೆ ಸಾಗಿಸುತ್ತ ಹೋದಂತೆ ಈ ಎರಡನೆಯದೇ ಹೆಚ್ಚುತ್ತದೆ. ನಾಳ ಕಟ್ಟುವ ಆ ಲೋಳೆ ಅಂಟು ತಯಾರಿಸುವುದು ಬ್ಯಾಕ್ಟೀರಿಯಾಕ್ಕೆ ದುಬಾರಿ ಕೆಲಸ. ಗಿಡವೇ ಇಲ್ಲದ ಕಡೆ ಆ ಖರ್ಚು ಯಾಕೆ? ಅದಕ್ಕೇ ಬರೀ ಪ್ಲೇಟು ನೋಡಿ ರೋಗದ ಬಗ್ಗೆ ತೀರ್ಮಾನ ಹೇಳುವವರನ್ನು ನಾನು ನಂಬುವುದಿಲ್ಲ. ಗಿಡಕ್ಕೆ ಹಾಕಿ, ಅದು ಸೊರಗಿ, ಮತ್ತೆ ಅದರಿಂದಲೇ ಹೊರತೆಗೆದರೆ ಲೆಕ್ಕ.

ಈ ಬ್ಯಾಕ್ಟೀರಿಯಾದ ಸ್ವಭಾವವೇ ವಿಚಿತ್ರ. ಅಗಾರ್ ಮೇಲೆ ಫ್ರಿಜ್‌ನಲ್ಲಿಟ್ಟರೆ ಬೇಗ ಕೈಕೊಡುತ್ತದೆ, ಬರೀ ಶುದ್ಧ ನೀರಿನ ಟ್ಯೂಬಿನಲ್ಲಿ ಹೊರಗಿಟ್ಟರೆ ವರ್ಷಗಟ್ಟಲೆ ಬದುಕುತ್ತದೆ. ನಾಳೆಯ ಆಯುಧಪೂಜೆಗೆಂದು ಕಪಾಟು ಒರೆಸುತ್ತಿದ್ದ ಹೊಸ ಹುಡುಗ "ಅಕ್ಕಾ, ಈ ನೀರು ಚೆಲ್ಲಲಾ?" ಎಂದು ಕೇಳಿದ. ಪುಣ್ಯಕ್ಕೆ ಕೇಳಿದ! ಆಟೋಕ್ಲೇವ್ ಯಂತ್ರಕ್ಕೆ ಕುಂಕುಮ ಹಚ್ಚು, ಟ್ಯೂಬುಗಳ ತಂಟೆಗೆ ಹೋಗಬೇಡ ಎಂದೆ.

ಪ್ಲೇಟುಗಳನ್ನು ಶನಿವಾರ ನೋಡಬೇಕು. ವಿಜಯದಶಮಿ ರಜೆ, ಊರಿನವಳಾದ್ದರಿಂದ ಬೀಗದ ಕೈ ನನ್ನ ಹತ್ತಿರವೇ ಇದೆ. ಪಕ್ಕದ ಸಾಲಿನಲ್ಲಿ ಇನ್ನೂ ಚೆನ್ನಾಗಿರುವ ಗಿಡವೊಂದನ್ನೂ ಸೋಮವಾರ ತರಲು ರೈತರಿಗೆ ಹೇಳಿದ್ದೇನೆ. ಸೊರಗುವ ಮೊದಲೇ ಒಳಗೆ ಸೇರಿಕೊಂಡಿದೆಯೇ ನೋಡೋಣ.