ಮೇಡಂ ಮಾರ್ಕ್ಸ್ ಟೈಪ್ ಮಾಡಿದ ಸಂಜೆ

ಇಂಟರ್ನಲ್ ಮಾರ್ಕ್ಸ್ ಅಪ್‌ಲೋಡ್ ಮಾಡಲು ಅವತ್ತೇ ಕೊನೆಯ ದಿನ. ಬೆಳಗ್ಗಿನಿಂದ ಸರ್ವರ್ ಕೈಕೊಟ್ಟಿತ್ತು. ಮಧ್ಯಾಹ್ನ ಮೂರೂವರೆಗೆ ಪೋರ್ಟಲ್ ತೆರೆದುಕೊಂಡಿತು, ಅಷ್ಟರಲ್ಲೇ ಕಚೇರಿ ಕೆಲಸ ನೋಡುವ ನಮ್ಮ ಎಫ್‌ಡಿಎಗೆ (ಪ್ರಥಮ ದರ್ಜೆ ಸಹಾಯಕರಿಗೆ) ಮನೆಯಿಂದ ಫೋನ್. ಮಗುವಿಗೆ ಜ್ವರ ಜಾಸ್ತಿಯಾಗಿದೆಯಂತೆ. ಅವರು ಫೋನ್ ಜೇಬಿಗೆ ಹಾಕಿ ಮತ್ತೆ ಕೀಬೋರ್ಡ್ ಮೇಲೆ ಕೈ ಇಟ್ಟರು.

ಒಳಗೆ ಬಂದ ಪ್ರಿನ್ಸಿಪಾಲ್ ಮೇಡಂ, ಎಫ್‌ಡಿಎ ಮುಖ ನೋಡಿಯೇ ವಿಚಾರಿಸಿದರು. "ನೀವು ಹೊರಡಿ, ಇಲ್ಲಿ ನಾನಿದ್ದೀನಿ" ಅಂದವರು ಅದೇ ಕುರ್ಚಿಯಲ್ಲಿ ಕೂತೇಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಬಸ್ ಎಷ್ಟೊತ್ತಿಗೆ? ಸ್ವಲ್ಪ ಓದಿ ಹೇಳ್ತೀರಾ?" ಅಂದರು.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅತಿಥಿ ಉಪನ್ಯಾಸಕಿ. 2022ರ ಜನವರಿಯಲ್ಲಿ ನಮ್ಮ ಗೌರವಧನ 11ರಿಂದ 13 ಸಾವಿರ ಇದ್ದದ್ದು 26ರಿಂದ 32 ಸಾವಿರಕ್ಕೆ ಏರಿತು, ವಾರಕ್ಕೆ 15 ಗಂಟೆ ಪಾಠ ಎಂದಾಯಿತು. ಏರಿದ್ದು ನಿಜ. ಆದರೆ ನಮ್ಮ ಹಾಜರಾತಿಗೆ ಪ್ರಿನ್ಸಿಪಾಲರ ಸಹಿ ಬಿದ್ದು ಬಿಲ್ ಮೇಲಕ್ಕೆ ಹೋಗದಿದ್ದರೆ ಒಂದು ರೂಪಾಯಿಯೂ ಬರುವುದಿಲ್ಲ. ಹಿಂದೆ ನಾನಿದ್ದ ಕಾಲೇಜಿನಲ್ಲಿ ಆ ಸಹಿಗಾಗಿ ಬಾಗಿಲಲ್ಲಿ ಕಾಯಬೇಕಿತ್ತು. ಹತ್ತು ಗಂಟೆ ಹೊಡೆಯುತ್ತಲೇ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳುತ್ತಿತ್ತು. ಈ ಮೇಡಂ ಮೊದಲ ವಾರವೇ ಹೇಳಿದ್ದರು: "ಅನುದಾನ ಬರೋದು ನನ್ನ ಕೈಲಿಲ್ಲ. ನಿಮ್ಮ ಬಿಲ್ ಮಾತ್ರ ನನ್ನ ಟೇಬಲ್ ಮೇಲೆ ಒಂದು ದಿನವೂ ಉಳಿಯೋದಿಲ್ಲ." ಇವತ್ತಿಗೂ ಉಳಿದಿಲ್ಲ. ಕೆಲಸದಲ್ಲಿ ನೆಮ್ಮದಿ ಅಂದರೆ ನನಗೆ ಮೊದಲು ನೆನಪಾಗುವುದು ಆ ಖಾಲಿ ಟೇಬಲ್.

ಬಿ.ಕಾಂ. ಮಕ್ಕಳಿಗೆ ಮ್ಯಾನೇಜ್‌ಮೆಂಟ್ ಪಾಠ ಮಾಡುವಾಗ ಸೇವಕ ನಾಯಕತ್ವ ಅಂತ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಕೊಟ್ಟ ಹೆಸರು ಅದು. ಟೆಲಿಫೋನ್ ಕಂಪನಿಯಲ್ಲಿ ಹತ್ತಿರ ಹತ್ತಿರ 40 ವರ್ಷ ದುಡಿದ ಮನುಷ್ಯ. ನಾಯಕರ ಜೊತೆಗಿರುವವರು ಬೆಳೆಯುತ್ತಿದ್ದಾರಾ ಅನ್ನುವುದೇ ಅವರ ಅಳತೆಗೋಲು. ನನಗೆ ಆ ಪಾಠ ಅರ್ಥವಾಗಿದ್ದು ಆ ಸಂಜೆ.

ನಾನು ಓದುತ್ತಾ ಹೋದೆ. ರಿಜಿಸ್ಟರ್ ನಂಬರಿನ ಕೊನೆಯ ಮೂರು ಅಂಕಿ, ಆಮೇಲೆ ಮಾರ್ಕ್ಸ್. "ನೂರ ಹದಿನಾಲ್ಕು, ಮೂವತ್ತೆರಡು. ನೂರ ಹದಿನೈದು, ಆಬ್ಸೆಂಟ್." ಮೇಡಂ ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಒಂದೊಂದು ಪುಟ ಮುಗಿದಾಗಲೂ ಪರದೆ ಮೇಲಿದ್ದದ್ದನ್ನು ಅವರು ಓದುತ್ತಿದ್ದರು, ನಾನು ಹಾಳೆ ನೋಡಿ ಹೂಂಗುಟ್ಟುತ್ತಿದ್ದೆ. ಆಬ್ಸೆಂಟ್ ಅಂದಾಗಲೆಲ್ಲ ಅವರ ಬೆರಳು ನಿಲ್ಲುತ್ತಿತ್ತು.

"ಈ ಹುಡುಗಿ ಯಾಕೆ ಬರ್ತಿಲ್ಲ?"

"ಮದುವೆ ಆಯ್ತಂತೆ ಮೇಡಂ."

"ಟಿಸಿ ತಗೊಂಡಿಲ್ಲ ಅಲ್ವಾ?" ಅಂದು ಪಕ್ಕದ ಚೀಟಿಯಲ್ಲಿ ನಂಬರ್ ಬರೆದುಕೊಂಡರು.

ಎಂಟು ಗಂಟೆ ಹೊತ್ತಿಗೆ ಕೊನೆಯ ಹಾಳೆ ಮುಗಿಯಿತು. ನನ್ನ ಬಸ್ ಹೋಗಿಯಾಗಿತ್ತು. ಮೇಡಂ ತಮ್ಮ ಕಾರಿನಲ್ಲೇ ಮನೆ ತನಕ ಬಿಟ್ಟರು. ದಾರಿಯಲ್ಲಿ ಎಫ್‌ಡಿಎಗೆ ಫೋನ್ ಮಾಡಿ ಮಗುವಿನ ಜ್ವರ ಕೇಳಿದರು, ಮಾರ್ಕ್ಸ್ ವಿಷಯ ಎತ್ತಲೇ ಇಲ್ಲ.

ಮಾರನೇ ದಿನ ಆ ಚೀಟಿ ನನ್ನ ಕೈಗೆ ಬಂತು. "ನೀವು ಮಾತಾಡಿ ನೋಡಿ, ನಿಮ್ಮ ಮಾತು ಕೇಳ್ತಾಳೆ" ಅಂದರು. ಭಾನುವಾರ ಆ ಹುಡುಗಿಯ ಊರಿಗೆ ಹೋಗಿ ಅವಳ ಅತ್ತೆಯ ಜೊತೆ ಒಂದು ಗಂಟೆ ಕೂತು ಮಾತಾಡಿದೆ. ನನ್ನ 15 ಗಂಟೆಯ ಲೆಕ್ಕಕ್ಕೆ ಅದು ಸೇರುವುದಿಲ್ಲ. ಸೇರಿಸಬೇಕು ಅಂತ ಅನ್ನಿಸಲೂ ಇಲ್ಲ. ನೂರ ಹದಿನೈದು ಈ ಸೆಮಿಸ್ಟರಿನ ಪರೀಕ್ಷೆ ಫೀಸ್ ಕಟ್ಟಿದ್ದಾಳೆ.