ಅದೇ ದುಡ್ಡಿಗೆ ಹೊಸ ವಾಚೇ ಬರುತ್ತಲ್ವಾ?

"ಈ ವಾಚಿಗೆ ಇಷ್ಟೊಂದು ಖರ್ಚು ಮಾಡೋ ಬದಲು, ಅದೇ ದುಡ್ಡಿಗೆ ಒಳ್ಳೇ ಹೊಸ ವಾಚೇ ತಗೋಬಹುದಲ್ವಾ?"

ನನ್ನ ಕೈಯಲ್ಲಿರುವ ವಾಚಿನ ಗಾಜು, ಮುಳ್ಳು, ಡಯಲ್ ಎಲ್ಲಾ ನಾನೇ ಬದಲಾಯಿಸಿದ್ದು ಅಂತ ಗೊತ್ತಾದ ಮೇಲೆ ಎಲ್ಲರೂ ಕೇಳುವುದು ಇದನ್ನೇ. ಆಫೀಸಿನಲ್ಲಿ ಕೇಳುತ್ತಾರೆ. ಮದುವೆ ಮನೆ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ. ನಮ್ಮ ಭಾವ ಅಂತೂ ಹಬ್ಬಕ್ಕೆ ಬಂದಾಗಲೆಲ್ಲ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬರೀ ದುಡ್ಡಿನ ಲೆಕ್ಕ ಹಾಕಿದರೆ ನೀವು ಹೇಳುವುದೇ ಸರಿ. ಹತ್ತು ಸಾವಿರದ ವಾಚಿಗೆ ಇನ್ನೂ ಏಳೆಂಟು ಸಾವಿರದ ಸಾಮಾನು ಹಾಕಿದರೆ ಅದು ಹದಿನೆಂಟು ಸಾವಿರದ ವಾಚು ಆಗುವುದಿಲ್ಲ. ಮಾರಲು ಹೋದರೆ ಹತ್ತು ಹುಟ್ಟುವುದೂ ಕಷ್ಟ. ಸೆಕೆಂಡ್ ಹ್ಯಾಂಡ್ ವಾಚು ಕೊಳ್ಳುವವರು ಕಂಪನಿಯ ಡಯಲ್, ಕಂಪನಿಯ ಮುಳ್ಳೇ ಬೇಕು ಅನ್ನುತ್ತಾರೆ. ಅದಕ್ಕೆ ಬಿಚ್ಚಿದ ಸಾಮಾನನ್ನೆಲ್ಲ ಪುಟ್ಟ ಜಿಪ್ ಕವರಿಗೆ ಹಾಕಿ, ಮೇಲೆ ವಾಚಿನ ಹೆಸರು ಬರೆದು ಎತ್ತಿಡುತ್ತೇನೆ. ಇದರಲ್ಲಿ ಲಾಭ ಬರುತ್ತೆ ಅಂದುಕೊಂಡು ಬರುವವರಿಗೆ ನಾನು ಬೇಡ ಅಂತಲೇ ಹೇಳುವುದು.

ಆದರೆ ಆ ಪ್ರಶ್ನೆಯಲ್ಲಿ ಒಂದು ಊಹೆ ಅಡಗಿದೆ. ಕಡಿಮೆ ಬೆಲೆಯ ವಾಚು ಅಂದರೆ ಒಳಗೆ, ಹೊರಗೆ ಎಲ್ಲಾ ಒಂದೇ ಸಮ ಕಡಿಮೆ ದರ್ಜೆಯದು ಅಂತ. ಹಾಗಿಲ್ಲ. ಕಂಪನಿಯವರು ಎಲ್ಲಿ ಕೈ ಬಿಗಿ ಹಿಡಿದಿದ್ದಾರೆ, ಎಲ್ಲಿ ಧಾರಾಳವಾಗಿ ಖರ್ಚು ಮಾಡಿದ್ದಾರೆ ಅನ್ನುವುದು ಬಿಚ್ಚಿದಾಗ ತಿಳಿಯುತ್ತದೆ. ಅದನ್ನು ತಿಳಿದುಕೊಂಡು, ಅವರು ಕೈ ಬಿಗಿ ಹಿಡಿದ ಕಡೆ ಮಾತ್ರ ನಾನು ಖರ್ಚು ಮಾಡುತ್ತೇನೆ. ನನಗೆ ಖುಷಿ ಸಿಗುವುದು ಆ ತಿಳಿಯುವುದರಲ್ಲಿ.

ಸೀಕೋ ಕಂಪನಿಯ ಎಸ್‌ಕೆಎಕ್ಸ್007 ವಾಚನ್ನೇ ನೋಡಿ. 1996ರಲ್ಲಿ ಬಂದ ಜಪಾನಿ ಡೈವಿಂಗ್ ವಾಚು, 2019ರ ಹೊತ್ತಿಗೆ ನಿಂತುಹೋಯಿತು. ವಾಚು ಮಾಡ್ ಮಾಡುವ, ಅಂದರೆ ಭಾಗ ಬದಲಾಯಿಸಿ ತಮಗೆ ಬೇಕಾದ ಹಾಗೆ ಮಾಡಿಕೊಳ್ಳುವ, ಎಷ್ಟೋ ಜನ ಕೈ ಪಳಗಿಸಿಕೊಂಡಿದ್ದು ಇದರ ಮೇಲೆ, ಇಲ್ಲವೇ ಸೀಕೋ 5 ಸಾಲಿನ ವಾಚುಗಳ ಮೇಲೆ. ಇದರ ಕೇಸು ಗಟ್ಟಿ ಸ್ಟೀಲು. ಕೀಯನ್ನು, ಅಂದರೆ ಟೈಮ್ ಇಡಲು ತಿರುಗಿಸುವ ಪಕ್ಕದ ಗುಂಡಿಯನ್ನು, ಸ್ಕ್ರೂ ಥರ ತಿರುಗಿಸಿ ಬಿಗಿ ಮಾಡಬಹುದು. 200 ಮೀಟರ್ ಆಳದ ನೀರಿನ ಒತ್ತಡ ತಡೆಯುವ ಹಾಗೆ ಕಟ್ಟಿದ್ದಾರೆ. ಒಳಗಿರುವುದು 7ಎಸ್26 ಅನ್ನುವ 21 ಜ್ಯುವೆಲ್‌ನ (ಚಕ್ರದ ದಂಡಗಳು ಸವೆಯದಂತೆ ಕೂರಿಸುವ ಪುಟ್ಟ ಕಲ್ಲುಗಳು) ಮಷೀನು. ಗಂಟೆಗೆ 21,600 ಬಡಿತ, ಅಂದರೆ ಸೆಕೆಂಡಿಗೆ ಆರು.

ಇದು ಆಟೊಮ್ಯಾಟಿಕ್. ಕೈ ಆಡಿಸಿದಾಗ ಒಳಗೆ ಅರ್ಧಚಂದ್ರದ ಆಕಾರದ ತೂಕವೊಂದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ತೂಕ ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ. ಆದರೆ ಸ್ಪ್ರಿಂಗ್ ಸುತ್ತಿಕೊಳ್ಳಬೇಕಾದ್ದು ಒಂದೇ ದಿಕ್ಕಿಗೆ. ಬೇರೆ ಬೇರೆ ಕಂಪನಿಗಳು ಇದಕ್ಕೆ ದಿಕ್ಕು ಬದಲಿಸುವ ಚಕ್ರಗಳನ್ನು ಹಾಕುತ್ತವೆ. ಸೀಕೋದವರು 1959ರಲ್ಲಿ ತಂದ ಮ್ಯಾಜಿಕ್ ಲಿವರ್ ಈ ಕೆಲಸವನ್ನು ಎರಡು ತೋಳಿನ ಒಂದು ಪುಟ್ಟ ಲೋಹದ ತುಂಡಿನಿಂದ ಮುಗಿಸುತ್ತದೆ. ಒಂದು ತೋಳು ಚಕ್ರದ ಹಲ್ಲನ್ನು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ತೂಕ ಯಾವ ಕಡೆ ತಿರುಗಿದರೂ ಚಕ್ರ ಹೋಗುವುದು ಒಂದೇ ಕಡೆಗೆ. ಲೆನ್ಸ್ ಹಾಕಿಕೊಂಡು ಇದನ್ನು ಒಂದು ಸಲ ನೋಡಿ. ಈ ಬೆಲೆಗೆ ಇಷ್ಟು ಚೆನ್ನಾದ ಯೋಚನೆ ಕೈಗೆ ಕಟ್ಟಿಕೊಂಡು ಓಡಾಡಬಹುದು ಅನ್ನುವುದೇ ನನಗೆ ದೊಡ್ಡ ವಿಷಯ.

ಹಾಗಾದರೆ ದುಡ್ಡು ಉಳಿಸಿದ್ದು ಎಲ್ಲಿ? ಮೊದಲನೆಯದು ಗಾಜು. ಅದು ಹಾರ್ಡ್‌ಲೆಕ್ಸ್, ಅಂದರೆ ಗಟ್ಟಿ ಮಾಡಿದ ಮಿನರಲ್ ಗಾಜು. ಬಿದ್ದರೆ ಸುಲಭಕ್ಕೆ ಒಡೆಯಲ್ಲ, ಆದರೆ ಗೀರು ಬೀಳುತ್ತದೆ. ನಮ್ಮ ರಸ್ತೆ ಧೂಳಿನಲ್ಲಿರುವ ಮರಳಿನ ಹರಳು ಗಡಸುತನದ ಮೋಸ್ ಅಳತೆಯಲ್ಲಿ 7, ಮಿನರಲ್ ಗಾಜು ಅದಕ್ಕಿಂತ ಕಡಿಮೆ. ಸಫೈರ್, ಅಂದರೆ ನೀಲಮಣಿಯ ಜಾತಿಯ ಕೃತಕ ಹರಳಿನ ಗಾಜು, 9, ಅದರ ಮೇಲೆ ವಜ್ರ. ಹಾಗಾಗಿ ನಾನು ಮೊದಲು ಬದಲಾಯಿಸುವುದು ಗಾಜನ್ನೇ. ಸಫೈರ್‌ಗೂ ಒಂದು ಕೊರತೆ ಇದೆ. ಗೀರು ಬೀಳದಿದ್ದರೂ ಗಟ್ಟಿ ನೆಲಕ್ಕೆ ಬಿದ್ದರೆ ಸಿಡಿಯಬಹುದು. ಕಟ್ಟಡ ಕೆಲಸ, ಗ್ಯಾರೇಜು ಕೆಲಸ ಮಾಡುವ ಗೆಳೆಯರಿಗೆ ಹಳೇ ಗಾಜೇ ಇರಲಿ ಅನ್ನುತ್ತೇನೆ.

ಆಮೇಲೆ ಚೈನು. ಕಂಪನಿ ಕೊಟ್ಟ ಚೈನು ಟೊಳ್ಳು, ಕೈ ಆಡಿಸಿದರೆ ಗಲಗಲ ಸದ್ದು. 22 ಮಿಲಿಮೀಟರಿನ ಯಾವುದಾದರೂ ಒಳ್ಳೇ ಬೆಲ್ಟು ಹಾಕಿದರೆ ಮುಗಿಯಿತು.

ಮೂರನೆಯದು ಮಷೀನಿನಲ್ಲೇ ಇದೆ. 7ಎಸ್26ಗೆ ಕೈಯಿಂದ ಕೀ ಕೊಡಲು ಬರುವುದಿಲ್ಲ. ಕೀ ಎಳೆದರೂ ಸೆಕೆಂಡು ಮುಳ್ಳು ನಿಲ್ಲುವುದಿಲ್ಲ, ಹಾಗಾಗಿ ಸೆಕೆಂಡಿಗೆ ಸರಿಯಾಗಿ ಟೈಮ್ ಇಡುವುದು ಕಷ್ಟ. ಇದರ ಜಾಗಕ್ಕೆ ಎನ್‌ಎಚ್36 ಕೂರುತ್ತದೆ. ಅದು 24 ಜ್ಯುವೆಲ್‌ನದು, ಕೈಯಿಂದ ಕೀ ಕೊಡಬಹುದು, ಕೀ ಎಳೆದಾಗ ಮುಳ್ಳು ನಿಲ್ಲುತ್ತದೆ, ಪೂರ್ತಿ ಕೀ ಕೊಟ್ಟರೆ ಸುಮಾರು 41 ಗಂಟೆ ಓಡುತ್ತದೆ. ಇದೇ ಮಷೀನು ವಾರ ಇಲ್ಲದೆ ಬರೀ ತಾರೀಖಿನ ಜೊತೆ ಬಂದರೆ ಎನ್‌ಎಚ್35. ಸೀಕೋ ಗುಂಪಿನವರೇ ಇದನ್ನು ಬೇರೆ ಕಂಪನಿಗಳಿಗೂ ಮಾರುತ್ತಾರೆ. ಬಿಡಿಯಾಗಿ ಕೆಲವು ಸಾವಿರ ರೂಪಾಯಿಗೆ ನಮಗೂ ಸಿಗುತ್ತದೆ.

ಮಷೀನು ಬದಲಿಸುವುದರಲ್ಲಿ ಒಂದು ಸೂಕ್ಷ್ಮ ಇದೆ. ಎಸ್‌ಕೆಎಕ್ಸ್ ವಾಚಿನ ಕೀ 3ರ ಪಕ್ಕದಲ್ಲಿಲ್ಲ, 4ರ ಹತ್ತಿರ ಇದೆ. ಮುಂಗೈಗೆ ಒತ್ತದಿರಲಿ ಅಂತ ಮಷೀನನ್ನೇ ಕೇಸಿನೊಳಗೆ ಸ್ವಲ್ಪ ತಿರುಗಿಸಿ ಕೂರಿಸಿದ್ದಾರೆ. ತಾರೀಖಿನ ಕಿಟಕಿ ಮಾತ್ರ 3ರಲ್ಲೇ ಉಳಿದಿದೆ. ಮಷೀನು ತಿರುಗಿತು, ಕಿಟಕಿ ತಿರುಗಲಿಲ್ಲ. ಆದ್ದರಿಂದ ಚಕ್ರದ ಮೇಲೆ ಅಂಕಿ ಅಚ್ಚು ಹಾಕಿರುವ ರೀತಿಯೂ ಬೇರೆ. 3ರ ಪಕ್ಕ ಕೀ ಇರುವ ವಾಚಿಗೆಂದು ಮಾಡಿದ ಎನ್‌ಎಚ್36 ಅನ್ನು ಹಾಗೇ ಕೂರಿಸಿದರೆ ತಾರೀಖು ಕಿಟಕಿಯಲ್ಲಿ ನೆಟ್ಟಗೆ ಕಾಣುವುದಿಲ್ಲ. ಹಳೇ ಮಷೀನಿನ ವಾರದ ಚಕ್ರ, ತಾರೀಖಿನ ಚಕ್ರ ಎರಡನ್ನೂ ಬಿಚ್ಚಿ ಹೊಸದಕ್ಕೆ ಹಾಕಬೇಕು. ವಾರದ ಚಕ್ರವನ್ನು ಹಿಡಿದಿರುವುದು ಒಂದು ಪುಟಾಣಿ ರಿಂಗು. ಅದು ಚಿಮ್ಮಿದರೆ ಮಂಚದ ಕೆಳಗೆಲ್ಲ ಹುಡುಕಬೇಕು. ಮಷೀನನ್ನೂ ಎರಡೂ ಕೈಯನ್ನೂ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡು ಬಿಚ್ಚಿದರೆ ರಿಂಗು ಚಿಮ್ಮಿದರೂ ಕವರಿನಲ್ಲೇ ಇರುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದ ಕೆಲಸ, ಮುಳ್ಳು ಕೂರಿಸುವುದು. ಹಿಂದಿನ ಮುಚ್ಚಳ ತೆಗೆದು, ಕೀ ದಂಡದ ಪಕ್ಕದ ಪುಟ್ಟ ಗುಳಿಯನ್ನು ಮೆಲ್ಲಗೆ ಒತ್ತಿದರೆ ಕೀ ಹೊರಗೆ ಬರುತ್ತದೆ. ಮಷೀನು ಡಯಲ್ ಸಮೇತ ಕೈಗೆ ಬರುತ್ತದೆ. ಹಳೇ ಮುಳ್ಳು ಕಿತ್ತು, ಡಯಲ್ ಬದಲಾಯಿಸಿ, ಕೀಯನ್ನು ವಾಪಸ್ ತೂರಿಸಬೇಕು. ಈಗ ಮುಳ್ಳೇ ಇಲ್ಲದ ವಾಚು ಮುಂದಿದೆ. ಅದರಲ್ಲಿ ಹನ್ನೆರಡು ಗಂಟೆ ಯಾವುದು ಅಂತ ಹೇಗೆ ತಿಳಿಯುವುದು? ಕೀ ಎಳೆದು ಮುಂದಕ್ಕೆ ತಿರುಗಿಸುತ್ತಾ ಹೋಗಬೇಕು. ಕಿಟಕಿಯಲ್ಲಿ ತಾರೀಖು ಮೆಲ್ಲಗೆ ಸರಿಯುತ್ತದೆ. ಟಕ್ ಅಂತ ಹೊಸ ತಾರೀಖು ಬಿದ್ದ ಕೂಡಲೇ ನಿಲ್ಲಿಸಬೇಕು. ಮಷೀನಿನ ಲೆಕ್ಕದಲ್ಲಿ ಆಗ ರಾತ್ರಿ ಹನ್ನೆರಡು. ಗಂಟೆ ಮುಳ್ಳು, ನಿಮಿಷದ ಮುಳ್ಳು ಎರಡನ್ನೂ 12ಕ್ಕೆ ನೇರ ಇಟ್ಟು ಒತ್ತಬೇಕು.

ಗಂಟೆ ಮುಳ್ಳಿನ ತೂತು 1.5 ಮಿಲಿಮೀಟರ್, ನಿಮಿಷದ್ದು 0.9. ಇವೆರಡು ಕೂರುತ್ತವೆ. ಸೆಕೆಂಡು ಮುಳ್ಳಿನದು ಬರೀ 0.2 ಮಿಲಿಮೀಟರ್. ಉಸಿರು ಬಿಟ್ಟರೆ ಮುಳ್ಳು ಸರಿಯುತ್ತದೆ. ಫ್ಯಾನ್ ಆಫ್ ಮಾಡಿ, ಮೊಣಕೈ ಎರಡನ್ನೂ ಮೇಜಿಗೆ ಊರಿ, ತೂತು ದಂಡದ ತಲೆಯ ಮೇಲೆ ಬಂತು ಅಂತ ಬೆರಳಿಗೆ ಗೊತ್ತಾಗುವವರೆಗೆ ಒತ್ತಲೇಬಾರದು. ಗೊತ್ತಾಗುತ್ತೆ. ಸಣ್ಣದಾಗಿ ಒಂದು ಹಿಡಿತ ಸಿಗುತ್ತದೆ, ಆಗ ಒತ್ತಿದರೆ ಕೂರುತ್ತದೆ. ಆಮೇಲೆ ಕೀ ತಿರುಗಿಸಿ ಮುಳ್ಳುಗಳನ್ನು ಹನ್ನೆರಡು ಗಂಟೆಯೂ ಸುತ್ತಿಸಿ, ಪಕ್ಕದಿಂದ ಬೆಳಕು ಬಿಟ್ಟು ನೋಡಬೇಕು. ಮೂರೂ ಮುಳ್ಳಿನ ನಡುವೆ ಸಂದು ಕಾಣಬೇಕು. ಎಲ್ಲೋ ಒಂದು ಕಡೆ ಒಂದಕ್ಕೊಂದು ತಾಗಿದರೆ ವಾಚು ದಿನಾ ಅದೇ ಹೊತ್ತಿಗೆ ನಿಲ್ಲುತ್ತದೆ.

ಮುಚ್ಚಳ ಹಾಕುವ ಮೊದಲು ಟೈಮ್ ಸರಿ ಮಾಡುವುದು. ಎನ್‌ಎಚ್35ಗೆ ಕಂಪನಿ ಕೊಡುವ ಮಾತು ದಿನಕ್ಕೆ 20 ಸೆಕೆಂಡು ಹಿಂದಿನಿಂದ 40 ಸೆಕೆಂಡು ಮುಂದಿನವರೆಗೆ. ಕೇಳಿದರೆ ಜಾಸ್ತಿ ಅನ್ನಿಸುತ್ತದೆ. ಆದರೆ ಇದು ಮಷೀನಿನ ದೋಷ ಅಲ್ಲ. ಒಂದೊಂದನ್ನೂ ಕೂತು ಸರಿ ಮಾಡಲು ಬೇಕಾದ ಹೊತ್ತನ್ನು ಕಂಪನಿ ಉಳಿಸಿದೆ, ಅಷ್ಟೇ. ಆ ಹೊತ್ತನ್ನು ನಾವು ಕೊಟ್ಟರಾಯಿತು. ಬಡಿತ ಕೇಳಿಸಿಕೊಂಡು ಲೆಕ್ಕ ಹೇಳುವ ಆ್ಯಪ್‌ಗಳು ಫೋನಿನಲ್ಲೇ ಸಿಗುತ್ತವೆ. ಹಿಂದೆ ಮುಂದೆ ಆಡುತ್ತಾ ಬಡಿತ ಕೊಡುವ ಬ್ಯಾಲೆನ್ಸ್ ಚಕ್ರದ ಮೇಲಿನ ಪುಟ್ಟ ಲಿವರನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ದಿನಕ್ಕೆ ಹತ್ತು ಸೆಕೆಂಡಿನ ಒಳಗೆ ತರಬಹುದು. ಅದರ ಪಕ್ಕದಲ್ಲೇ ಇನ್ನೊಂದು ಲಿವರ್ ಇದೆ, ಅದು ಬಡಿತದ ಸಮ ಕಾಯುವುದು. ಅದನ್ನು ಮುಟ್ಟಬೇಡಿ. ಕೆಳಗಿನ ಸುರುಳಿ ಸ್ಪ್ರಿಂಗಿಗೆ ಸ್ಕ್ರೂಡ್ರೈವರ್ ತಾಗಲೇಬಾರದು. ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಲಿವರಿನ ತಂಟೆಗೇ ಹೋಗಬೇಡಿ. ಸಾಮಾನ್ಯವಾಗಿ ಸ್ಪೀಕರ್ ಹತ್ತಿರವೋ ಟ್ಯಾಬ್ಲೆಟ್ ಕವರಿನ ಮೇಲೋ ಇಟ್ಟು ಅಯಸ್ಕಾಂತ ಹಿಡಿದಿರುತ್ತದೆ. ಅದನ್ನು ಬಿಡಿಸುವ ಪುಟ್ಟ ಯಂತ್ರ ಅಗ್ಗಕ್ಕೇ ಸಿಗುತ್ತದೆ.

ಇಷ್ಟು ಕೇಳಿದ ಮೇಲೆ ಕೆಲವರು, "ನಮ್ಮದು ಎಚ್‌ಎಂಟಿ ಇದೆ, ಅದಕ್ಕೂ ಹೀಗೆ ಮಾಡಬಹುದಾ?" ಅನ್ನುತ್ತಾರೆ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ತುಮಕೂರಿನಲ್ಲೂ ಕಾರ್ಖಾನೆ ಇತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆಮೇಲೆ ಹಳೇ ಜನತಾ, ಪೈಲಟ್ ವಾಚುಗಳಿಗೆ ಬೇಡಿಕೆ ಏರಿತು. ಈಗ ಆನ್‌ಲೈನಿನಲ್ಲಿ ಕಣ್ಣು ಕುಕ್ಕುವ ಕೆಂಪು, ಹಸಿರು ಡಯಲ್‌ನ "ಹೊಸ" ಎಚ್‌ಎಂಟಿಗಳು ತುಂಬಾ ಕಾಣುತ್ತವೆ. ಎಷ್ಟೋ ವಾಚುಗಳಲ್ಲಿ ಕೇಸು ಒಂದರದು, ಮಷೀನು ಇನ್ನೊಂದರದು, ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು ಹೆಸರು ಅಚ್ಚು ಹಾಕಿದ್ದು. ಅದನ್ನು ಕಂಪನಿಯ ಒರಿಜಿನಲ್ ಅಂತ ಮಾರುವುದು ಮೋಸ. ಅಗ್ಗದ ವಾಚಿಗೆ ದುಬಾರಿ ಸ್ವಿಸ್ ಕಂಪನಿಯ ಹೆಸರಿನ ಡಯಲ್ ಹಾಕುವುದೂ ಅದೇ ಸಾಲಿಗೆ ಸೇರುತ್ತದೆ. ನಾನು ಏನು ಬದಲಾಯಿಸಿದ್ದೇನೆ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ಹೆಸರಿಲ್ಲದ ಡಯಲ್ ಹಾಕುತ್ತೇನೆ, ಇಲ್ಲವೇ ಆ ವಾಚಿನದೇ ಹೆಸರು ಇರುವುದನ್ನು ಉಳಿಸಿಕೊಳ್ಳುತ್ತೇನೆ. ಹಳೇ ಎಚ್‌ಎಂಟಿ ಡಯಲ್ ಒಂದನ್ನು ಕೆಡಿಸಿದರೆ ಅದು ವಾಪಸ್ ಬರುವುದಿಲ್ಲ. ಎಲ್ಲ ಕಡೆ ಸಿಗುವ ಸೀಕೋ ಡಯಲ್‌ಗೆ ಆ ಭಯ ಇಲ್ಲ.

ಇನ್ನೂ ಹಳೆಯ, 1960ರ ಆಚೀಚೆಯ ವಾಚುಗಳಲ್ಲಿ ಕತ್ತಲಲ್ಲಿ ಹೊಳೆಯುವ ಬಣ್ಣಕ್ಕೆ ವಿಕಿರಣ ಸೂಸುವ ರೇಡಿಯಂ ಅನ್ನುವ ಧಾತು ಬಳಸಿರಬಹುದು. ಈಗ ಹೊಳೆಯದಿದ್ದರೂ ರೇಡಿಯಂನ ವಿಕಿರಣ ನಿಂತಿರುವುದಿಲ್ಲ. ಅದರ ಪುಡಿ ಮೂಗಿಗೆ ಹೋಗಬಾರದು. ಮನೆಯಲ್ಲಿ ಅಂಥದ್ದನ್ನು ತೆಗೆಯಲೇಬೇಡಿ, ಕೆರೆಯಲೇಬೇಡಿ. ಇವತ್ತಿನ ವಾಚುಗಳ ಹೊಳೆಯುವ ಬಣ್ಣ ಬೇರೆ, ಅದರಲ್ಲಿ ವಿಕಿರಣ ಇಲ್ಲ.

ಶುರು ಮಾಡುವ ಮನಸ್ಸಿದ್ದರೆ ನಾನು ಸಲಹೆ ಕೊಡುವುದು ಸೀಕೋ ಅಲ್ಲ, ಕ್ಯಾಸಿಯೊ ಎಫ್-91ಡಬ್ಲ್ಯು. 1989ರಿಂದ ಬರುತ್ತಿರುವ ಪ್ಲಾಸ್ಟಿಕ್ ಡಿಜಿಟಲ್ ವಾಚು, ಬರೀ 21 ಗ್ರಾಂ. ಹಿಂದೆ ನಾಲ್ಕು ಸ್ಕ್ರೂ. ಅದರ ಡಿಸ್‌ಪ್ಲೇ ಮೇಲಿನ ಪೋಲರೈಸಿಂಗ್ ಫಿಲ್ಮ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ತೆಗೆದು, ಬೇರೆ ಫಿಲ್ಮನ್ನು 90 ಡಿಗ್ರಿ ತಿರುಗಿಸಿ ಅಂಟಿಸಿದರೆ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗಿನ ಅಂಕಿ ಕಾಣುತ್ತದೆ. ಹೈಸ್ಕೂಲಿನಲ್ಲಿ ಓದಿದ ಬೆಳಕಿನ ಪಾಠ ಕಣ್ಣೆದುರೇ ನಡೆಯುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಲು ಚೆನ್ನಾದ ಕೆಲಸ.

ಆಮೇಲೆ ಸೀಕೋಗೆ ಬನ್ನಿ. ಚಿಮಟ, ಲೆನ್ಸ್, ಮುಚ್ಚಳ ತೆಗೆಯುವ ಕೀಲಿ, ಮುಳ್ಳು ಕೀಳುವ ಮತ್ತು ಒತ್ತುವ ಸಾಧನ, ಧೂಳು ಊದುವ ರಬ್ಬರ್ ಬಲ್ಬು ಇದ್ದರೆ ಸಾಕು. ಚಿಮಟ ಮಾತ್ರ ಒಳ್ಳೆಯದು ತಗೊಳ್ಳಿ. ತುದಿ ಸೇರದ ಚಿಮಟದಲ್ಲಿ ಮುಳ್ಳು ಹಿಡಿಯಲು ಆಗಲ್ಲ. ಮುಚ್ಚಳದ ವಾಷರಿಗೆ ಸಿಲಿಕೋನ್ ಗ್ರೀಸ್ ಸವರದೆ ಮುಚ್ಚಬೇಡಿ. ಒಂದು ಸಲ ಬಿಚ್ಚಿದ ಮೇಲೆ ಹಿಂದೆ 200 ಮೀಟರ್ ಅಂತ ಬರೆದಿರುವುದನ್ನು ನಂಬಿ ಈಜಲು ಹೋಗಬಾರದು. ಒತ್ತಡದ ಪರೀಕ್ಷೆ ಮಾಡುವ ಅಂಗಡಿಗೆ ಕೊಟ್ಟು ನೋಡಿಸಿ.

ಮನೆಯಲ್ಲಿ ಅಪ್ಪನೋ ತಾತನೋ ಕಟ್ಟುತ್ತಿದ್ದ ವಾಚಿದ್ದರೆ ಕೈ ಪಳಗಿಸಿಕೊಳ್ಳಲು ಅದನ್ನು ತೆಗೆಯಬೇಡಿ. ಹಳೇ ಮಷೀನು ಗೊತ್ತಿರುವ ರಿಪೇರಿಯವರ ಹತ್ತಿರ ಕ್ಲೀನಿಂಗ್, ಆಯಿಲಿಂಗ್ ಮಾತ್ರ ಮಾಡಿಸಿ. ಕೊಡುವಾಗಲೇ "ಡಯಲ್ ಮುಟ್ಟಬೇಡಿ, ಪಾಲಿಶ್ ಹಾಕಬೇಡಿ" ಅಂತ ಹೇಳಿ, ರಸೀದಿ ಮೇಲೆ ಬರೆಸಿಕೊಳ್ಳಿ. ಹೇಳದಿದ್ದರೆ ಎಷ್ಟೋ ಕಡೆ ಹೊಸದರ ಹಾಗೆ ಹೊಳೆಯಿಸಿಯೇ ಕೊಡುತ್ತಾರೆ.