ಬೋರ್‌ವೆಲ್ ಮೋಟರ್ ಎತ್ತುವ ವಿಂಚ್: ತೂಕದ ಲೆಕ್ಕ, ರೋಪ್, ಬ್ರೇಕ್

ಮಂಡ್ಯದ ಕಡೆ "ವಿಂಚ್ ಕರೆಸು, ಮೋಟರ್ ಎತ್ತಬೇಕು" ಅಂದರೆ ಮೂರು ಕಾಲಿನ ಸ್ಟ್ಯಾಂಡು, ರಾಟೆ, ಉಕ್ಕಿನ ತಂತಿಯ ರೋಪು, ಪೈಪ್ ಬಿಗಿಹಿಡಿಯುವ ಕ್ಲಾಂಪು, ಪೈಪ್ ರೆಂಚು, ಆಳುಗಳ ಸಮೇತ ಇಡೀ ಸೆಟ್ಟೇ ಬರುತ್ತದೆ. ಅದರಲ್ಲಿ ವಿಂಚ್ ಅನ್ನುವುದು ರೋಪ್ ಸುತ್ತಿಕೊಳ್ಳುವ ಡ್ರಮ್ಮು, ಅದನ್ನು ನಿಧಾನವಾಗಿ ತಿರುಗಿಸುವ ಗೇರು, ಹಿಂದಕ್ಕೆ ಜಾರದಂತೆ ಹಿಡಿಯುವ ಬ್ರೇಕು, ಇಷ್ಟೇ. ಚೈನ್ ಪುಲ್ಲಿಯನ್ನೂ ಇದರ ಜೊತೆ ಸೇರಿಸಿ ಮಾತಾಡುವುದುಂಟು. ಆದರೆ ಅದರಲ್ಲಿ ಡ್ರಮ್ ಇಲ್ಲ, ಸರಪಳಿ ಹಲ್ಲಿನ ಚಕ್ರದ ಮೇಲೆ ಹಾದು ಹೋಗುತ್ತದೆ.

ಕೆಲಸ ಶುರುವಾಗುವ ಮುಂಚೆ ತೂಕ ಲೆಕ್ಕ ಹಾಕಿ. 400 ಅಡಿ ಆಳಕ್ಕೆ 2 ಇಂಚಿನ ಜಿಐ ಪೈಪ್ ಇಳಿಸಿದ್ದರೆ 20 ಅಡಿಯ 20 ಪೈಪುಗಳು. ಮೀಡಿಯಂ ದರ್ಜೆಯ ಪೈಪು ಒಂದೊಂದೂ ಸುಮಾರು 31 ಕೆಜಿ, ಒಟ್ಟು 620. ನೀರಿನ ಮಟ್ಟ 250 ಅಡಿಯಲ್ಲಿದ್ದು, ಪೈಪಿನ ನೀರು ಕೆಳಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಸರಿಯಾಗಿದ್ದರೆ, ಆ ಮಟ್ಟದಿಂದ ಮೇಲೆ ಪೈಪಿನೊಳಗೆ ನಿಂತ ನೀರೇ ಸುಮಾರು 165 ಕೆಜಿ. ಇದನ್ನು ಬಹಳ ಜನ ಮರೆಯುತ್ತಾರೆ. ಮೋಟರ್, ಪಂಪು, ಕೇಬಲ್ ಸೇರಿ ಇನ್ನೂ ನೂರು ಕೆಜಿ ದಾಟುತ್ತದೆ. ಅಲ್ಲಿಗೆ ಹತ್ತಿರ ಹತ್ತಿರ 900 ಕೆಜಿ.

ಈ 900 ಕೆಜಿ ಸ್ಟ್ಯಾಂಡಿನ ತಲೆಗೆ ಬೀಳುವಾಗ ಡಬಲ್ ಆಗುತ್ತದೆ. ಮೇಲಿನ ರಾಟೆಯ ಒಂದು ಬದಿ ಪೈಪು ಎಳೆಯುತ್ತದೆ, ಇನ್ನೊಂದು ಬದಿ ವಿಂಚ್ ಅಷ್ಟೇ ಬಲದಿಂದ ಎಳೆಯುತ್ತದೆ. ರಾಟೆ, ಕೊಕ್ಕೆ, ಕಾಲು ಎಲ್ಲವೂ 2 ಟನ್ ತಡೆಯಲೇಬೇಕು. ನಾಲೆ ನೀರು ಹರಿಸಿದ ಗದ್ದೆಯ ಪಕ್ಕ ನೆಲ ಮೆತ್ತಗಿರುತ್ತದೆ. ಕಾಲಿನಡಿ ದಪ್ಪ ಹಲಗೆ ಕೊಟ್ಟು, ಮೂರೂ ಕಾಲನ್ನು ಬುಡದಲ್ಲಿ ಸರಪಳಿಯಿಂದ ಬಿಗಿಯಿರಿ.

ವಿಂಚ್ ಮೇಲೆ ಬರೆದ ತೂಕ ಡ್ರಮ್ಮಿನ ಮೊದಲ ಸುತ್ತಿನ ಪದರಕ್ಕೆ ಮಾತ್ರ ಅನ್ವಯ. ಡ್ರಮ್ 150 ಮಿಮೀ, ರೋಪ್ 10 ಮಿಮೀ ಇದ್ದರೆ 2 ಟನ್ನಿನ ವಿಂಚ್ ನಾಲ್ಕನೇ ಪದರದಲ್ಲಿ ಎಳೆಯುವುದು ಒಂದೂವರೆ ಟನ್ನಿಗಿಂತ ಕಡಿಮೆ. ಸುತ್ತು ದಪ್ಪವಾದಷ್ಟೂ ವೇಗ ಹೆಚ್ಚುತ್ತದೆ, ಬಲ ಇಳಿಯುತ್ತದೆ. ಒಂದು ಸಲಕ್ಕೆ ಎತ್ತುವುದು ಒಂದೇ ಪೈಪಿನುದ್ದ, ಹಾಗಾಗಿ "ಇರಲಿ" ಅಂತ ನೂರಾರು ಅಡಿ ರೋಪ್ ಡ್ರಮ್ಮಿಗೆ ಸುತ್ತಿಟ್ಟುಕೊಳ್ಳುವುದರಿಂದ ನಷ್ಟವೇ. ಹಾಗಂತ ಪೂರ್ತಿ ಬಿಚ್ಚಲೂ ಬಾರದು. ಕೊಕ್ಕೆ ಅತಿ ಕೆಳಗಿರುವಾಗಲೂ ಡ್ರಮ್ಮಿನಲ್ಲಿ ಐದು ಸುತ್ತು ಉಳಿದಿರಲಿ. ಭಾರ ಹಿಡಿಯುವುದು ಆ ಸುತ್ತುಗಳ ಬಿಗಿ. ರೋಪಿನ ತುದಿಯನ್ನು ಕಚ್ಚಿರುವ ಬೋಲ್ಟಿಗೆ ಅಷ್ಟು ಶಕ್ತಿ ಇಲ್ಲ.

10 ಮಿಮೀ ರೋಪ್ ತುಂಡಾಗುವುದು ಸುಮಾರು 5 ಟನ್ನಿಗೆ. ಅದರ ಐದನೇ ಒಂದು ಭಾಗವಷ್ಟೇ ಹೇರಬೇಕು. ಅಂದರೆ ನಮ್ಮ 900 ಕೆಜಿಗೆ ಉಳಿದಿರುವ ಅಂತರ ತೀರಾ ಕಮ್ಮಿ. ಹಳೆಯ ರೋಪಾದರೆ ನಾನಂತೂ ಒಪ್ಪುವುದಿಲ್ಲ. ದಪ್ಪ ಬಟ್ಟೆ ಹಿಡಿದು ರೋಪಿನುದ್ದಕ್ಕೂ ಸವರಿ, ಎಳೆ ಕಿತ್ತಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಲಿ ಮಾತ್ರ ಸವರಬೇಡಿ. ಗಂಟು ಮಡಿಕೆ ಬಿದ್ದ ರೋಪನ್ನು ಬಡಿದು ನೇರ ಮಾಡಿದರೂ ಹೋದ ಶಕ್ತಿ ವಾಪಸ್ ಬರದು. ತುದಿಯ ಕುಣಿಕೆಗೆ ಮೂರು ಯು-ಕ್ಲಿಪ್ ಹಾಕಿ, ನಡುವೆ 60 ಮಿಮೀ ಬಿಡಿ. ಕ್ಲಿಪ್ಪಿನ ತಡಿ (ನಟ್ಟು ಕೂರುವ ದಪ್ಪ ತುಂಡು) ಭಾರ ಹೊರುವ ರೋಪಿನ ಕಡೆ, ಯು ಬೋಲ್ಟು ಮಡಚಿದ ತುದಿಯ ಕಡೆ ಬರಬೇಕು. ಮೊದಲ ಪೈಪ್ ಎತ್ತಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಸ್ಟಾರ್ಟರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೇ ಎತ್ತಲು ಶುರುಮಾಡಿ. ಎರಡು ಪೈಪು ಜೋಡಿಸುವ ಸಾಕೆಟ್ ನೆಲದಿಂದ ಮೇಲೆ ಬಂದ ತಕ್ಷಣ ಅದರ ಕೆಳಗೆ ಎರಡನೇ ಕ್ಲಾಂಪ್ ಬಿಗಿದು, ಕೇಸಿಂಗ್ (ಬೋರಿನ ಬಾಯಿಯ ಹೊರಪೈಪು) ಮೇಲೆ ಕೂರಿಸಿ, ಭಾರ ಪೂರ್ತಿ ಅದಕ್ಕೆ ಇಳಿದ ಮೇಲೆ ಮಾತ್ರ ರೆಂಚ್ ಹಾಕಿ. ಕೇಬಲ್ ಕ್ಲಾಂಪಿನಡಿ ಸಿಕ್ಕಿದರೆ ಸಿಪ್ಪೆ ಹರಿದು ಮುಂದೆ ನೀರಿನೊಳಗೆ ಶಾರ್ಟ್ ಆಗುತ್ತದೆ. ಒಬ್ಬರು ಅದನ್ನೇ ನೋಡಿಕೊಳ್ಳಲಿ.

ಕೈ ವಿಂಚಿನಲ್ಲಿ ಕೈ ಮುರಿಯುವುದು ಬಹುತೇಕ ತಿರುಗಿಸುವ ಹಿಡಿಯಿಂದ. ಹಲ್ಲಿಗೆ ಕಚ್ಚಿಕೊಳ್ಳುವ ನಾಲಿಗೆಯ ಸ್ಪ್ರಿಂಗ್ ಸೋತಿದ್ದರೆ, ಇಲ್ಲವೇ ತುದಿ ಸವೆದು ಉರುಟಾಗಿದ್ದರೆ, ಭಾರ ಕೆಳಕ್ಕೆ ಜಾರಿ ಹಿಡಿ ಗಿರ್ರನೆ ಹಿಂದಕ್ಕೆ ತಿರುಗುತ್ತದೆ. ಪ್ರತಿ ಹಲ್ಲಿಗೂ "ಟಕ್" ಅಂತ ಸದ್ದು ಬರಬೇಕು. ಸದ್ದು ನಿಂತರೆ ಕೆಲಸವೂ ನಿಲ್ಲಲಿ. ಗೇರಿಗೆ ಗ್ರೀಸ್ ಹಚ್ಚುವಾಗ ಬ್ರೇಕ್ ಲೈನರ್‌ಗೆ ತಾಗಿಸಬೇಡಿ.

ಮೋಟರ್ ಹೂಳಿನಲ್ಲಿ ಕಚ್ಚಿಕೊಂಡಿದ್ದರೆ ಜಗ್ಗಿ ಜಗ್ಗಿ ಎಳೆಯಬಾರದು, ಥ್ರೆಡ್ ಕಿತ್ತು ಎಲ್ಲವೂ ತಳ ಸೇರುತ್ತದೆ. ಒಂದೇ ಬಿಗಿಯಲ್ಲಿ ಸ್ವಲ್ಪ ಹೊತ್ತು ಹಿಡಿದು, ಸಡಿಲ ಬಿಟ್ಟು, ಮತ್ತೆ ಹಿಡಿಯಿರಿ. ಆಗಲೂ ಅಲುಗದಿದ್ದರೆ ಕ್ಲಾಂಪ್ ಮೇಲೆ ಕೂರಿಸಿ ರೋಪ್ ಸಡಿಲಿಸಿ, ಬೋರ್ ಫ್ಲಶ್ ಮಾಡುವವರನ್ನು ಕರೆಸಿ.